ತೊಳೆಯದ ಗಡಿಗೆ

ಸತ್ತ ಬೀರಪ್ಪ ಹಿರಿಯರ ಹಬ್ಬದ ದಿನ ಯಾವ ಮನೆಯ ಬಾಗಿಲಿಗೆ ಬರಬೇಕು ಎನ್ನುವ ವಿಷಯಕ್ಕೆ ಅವನ ಹೆಂಡತಿ ದುರ್ಗಮ್ಮನಿಗೂ ಅವನ ತಮ್ಮ ತಮ್ಮಯ್ಯನಿಗೂ ಮಾತು ಬೆಳೆದದ್ದು ಶ್ರಾವಣ ಹುಟ್ಟುವ ಮೊದಲು, ಅವಳ ಮನೆಯ ಹಿಂದಿನ ತೋಟದಲ್ಲಿ ತೆಂಗಿನಕಾಯಿ ಕೆಡವುವ ದಿನ.

ಜರ್ಮನ್ ಯುದ್ಧ ಮುಗಿದ ಮಾರನೇ ವರ್ಷ ಅದು. ಆಗೆಲ್ಲ ಸಿಂಗಟಗೆರೆ ಸುತ್ತಿನ ಒಕ್ಕಲು ಮನೆಗಳಲ್ಲಿ ಪಿತೃಪಕ್ಷದ ಅಮಾವಾಸ್ಯೆಗೆ ಎಡೆ ಇಡುವುದೆಂದರೆ ಹುಡುಗಾಟದ ಮಾತಲ್ಲ. ಒಳಕೋಣೆ ಸಾರಿಸಿ, ಎಲೆ ಹಾಸಿ, ಸತ್ತವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಬಡಿಸಿ, ದೀಪ ಹಚ್ಚಿ, ಬಾಗಿಲು ಮುಂದಕ್ಕೆಳೆದುಕೊಂಡು ಮನೆಮಂದಿಯೆಲ್ಲ ಹೊರಗೆ ಕೂರಬೇಕು. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಅವರು ಉಣ್ಣುವುದನ್ನು ಬದುಕಿರುವವರು ನೋಡಕೂಡದು. ಒಂದಷ್ಟು ಹೊತ್ತಾದ ಮೇಲೆ ಮನೆಯವರೊಬ್ಬರು ಬಾಗಿಲ ಹತ್ತಿರ ಹೋಗಿ ಕೆಮ್ಮುತ್ತಾರೆ. 'ಬರ್ತಾ ಇದ್ದೀವಿ, ಎದ್ದೇಳಿ' ಅಂತ ಅದರರ್ಥ. ಆಮೇಲೆ ಬಾಗಿಲು ತೆಗೆದು, ಅದೇ ಎಡೆಯನ್ನು ಎಲ್ಲರೂ ಹಂಚಿಕೊಂಡು ಉಣ್ಣುವುದು.

ಬೀರಪ್ಪನ ಮನೆತನದಲ್ಲಿ ಇದಕ್ಕೆ ಇನ್ನೊಂದು ಕಟ್ಟಳೆಯೂ ಸೇರಿತ್ತು. ಒಬ್ಬನಿಗೆ ಎರಡು ಮನೆಯಲ್ಲಿ ಎಡೆ ಇಡಬಾರದು. ಇಟ್ಟರೆ ಆ ಜೀವ ಯಾವ ಕಡೆ ಹೋಗಲಿ ಎಂದು ತಿಳಿಯದೆ ಬೀದಿಯಲ್ಲೇ ನಿಂತು, ಹಸಿದ ಹೊಟ್ಟೆಯಲ್ಲಿ ಹಿಂದಿರುಗುತ್ತದೆ.

"ಅಣ್ಣನ ಎಡೆ ದೊಡ್ಮನೇಲೇ ಇಕ್ತೀವಿ ಅತ್ತಿಗೆ," ಎಂದ ತಮ್ಮಯ್ಯ, ಬಿದ್ದ ಕಾಯಿಗಳನ್ನು ಕಾಲಲ್ಲಿ ಒತ್ತಟ್ಟಿಗೆ ಮಾಡುತ್ತ. "ಅಪ್ಪ, ಅವ್ವ, ಮುತ್ತಾತ ಎಲ್ರೂ ಅಲ್ಲೇ ಉಣ್ತಾರೆ. ಅವನೊಬ್ಬ ಯಾಕೆ ಬ್ಯಾರೆ ಕಡೆ ಉಣ್ಬೇಕು? ನೀನೂ ಬಾ, ಉಂಡ್ಕೊಂಡು ಹೋಗುವಂತೆ."

"ನಮ್ಮೋರು ಬಾಳಿದ್ದು ಈ ಮನೇಲಿ. ಪ್ರಾಣ ಬುಟ್ಟಿದ್ದೂ ಈ ಮನೇಲಿ. ಇಲ್ಲೇ ಇಕ್ತೀನಿ."

"ಎಡೆ ಇಕ್ಕಾಕೆ ಮನೇಲಿ ಗಂಡಸು ಬೇಕಲ್ಲ."

"ಉಣ್ಣಾಕೆ ಬರೋನು ಗಂಡಸೇ ಅಲ್ವೇನಪ್ಪಾ?"

ಮರದ ಮೇಲಿದ್ದ ಆಳು ಕಿಸಕ್ಕೆಂದು ನಕ್ಕುಬಿಟ್ಟ. ತಮ್ಮಯ್ಯನ ಮುಖ ಕೆಂಪಾಯಿತು. "ಆಯ್ತು, ಇಕ್ಕು. ನಾವೂ ಇಕ್ತೀವಿ. ನಾವು ಕುರಿ ಕಡಿಯೋರು. ಅಣ್ಣ ಬಾಡು ಬುಟ್ಟು ನಿನ್ನ ಹುರುಳಿಕಾಳು ಉಣ್ಣಾಕೆ ಬಂದ್ರೆ ನಾನು ಮೀಸೆ ಬೋಳಿಸ್ಕೋತೀನಿ!" ಎಂದು ಹೆಗಲ ಮೇಲಿನ ಟವೆಲ್ಲು ಕೊಡವಿ ಹೊರಟುಹೋದ.

ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಆಳಿನ ಕಿವಿಗೆ ಬಿದ್ದ ಮೇಲೆ ಊರ ಕಿವಿಗೆ ಬಿದ್ದಂತೆಯೇ. ಇಬ್ಬರಿಗೂ ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಉಳಿಯಲಿಲ್ಲ.

ಅವನು ಹೋದ ಮೇಲೆ ದುರ್ಗಮ್ಮನಿಗೆ ಗೆದ್ದೆ ಅನ್ನಿಸುವ ಬದಲು ಭಯವಾಯಿತು. ಏಕೆಂದರೆ ಅವಳಿಗೆ ತನ್ನ ಗಂಡ ಗೊತ್ತು. ಬದುಕಿದ್ದಾಗಲೂ ಅವನು ಹಾಗೆಯೇ. ಇಬ್ಬರು ಕರೆದರೆ ಇಬ್ಬರಿಗೂ "ಬತ್ತೀನಿ" ಅನ್ನುವನು. ಯಾರ ಮನಸ್ಸನ್ನೂ ನೋಯಿಸಲಾರದೆ ಎಲ್ಲಿಗೂ ಹೋಗದೆ, ಎರಡು ಮನೆಗಳ ನಡುವಿನ ಹೊಂಗೆಮರದ ಬುಡದಲ್ಲಿ ಬೀಡಿ ಸೇದುತ್ತ ಕೂತುಬಿಡುವನು. ಅಂಥವನು ಸತ್ತ ಮೇಲೆ ಬದಲಾಗುತ್ತಾನೆಯೇ? ಅವನನ್ನು ತನ್ನ ಬಾಗಿಲಿಗೆ ಎಳೆದು ತರುವಂಥದ್ದೇನಾದರೂ ಎಲೆಯ ಮೇಲೆ ಇರಬೇಕು. ಕುರಿ ಕಡಿಯುವ ಶಕ್ತಿ ಅವಳಿಗಿರಲಿಲ್ಲ. ದೊಡ್ಡಮನೆಯವರಿಗೆ ಗೊತ್ತಿಲ್ಲದ, ತನಗೊಬ್ಬಳಿಗೇ ಗೊತ್ತಿರುವ ಆಸೆ ಯಾವುದಾದರೂ ಅವನಿಗಿತ್ತೇ?

ಇತ್ತು.

ಪ್ರತಿವರ್ಷ ರಾಗಿ ಕಣ ಮುಗಿಯುತ್ತಲೇ ಬೀರಪ್ಪ ಲಿಂಗದಹಳ್ಳಿಯ ಮೇಲಿನ ಗುಡ್ಡದ ಕಾಫಿ ತೋಟಕ್ಕೆ ಹಣ್ಣು ಕೊಯ್ಯಲು ಹೋಗುತ್ತಿದ್ದ. ಶಿವರಾತ್ರಿ ಹೊತ್ತಿಗೆ ಬರುತ್ತಿದ್ದ. ಮಕ್ಕಳಿಲ್ಲದ ಮನೆಯಲ್ಲಿ ಅಷ್ಟು ದಿನ ದುರ್ಗಮ್ಮ ಒಬ್ಬಳೇ. ಆದರೆ ಆ ಒಂಟಿತನಕ್ಕೆ ಒಂದು ತುದಿ ಇರುತ್ತಿತ್ತು. ಇವತ್ತಿಗಿಂತ ನಾಳೆ ಶಿವರಾತ್ರಿ ಹತ್ತಿರ ಎಂದುಕೊಂಡು ರಾಗಿ ಬೀಸಬಹುದಿತ್ತು. ಬಂದವನು ಮೊದಲು ಕಾಲು ತೊಳೆದು, ಗೋಡೆಗೆ ಒರಗಿ, ಅಲ್ಲಿಯ ಒಂದು ಸಂಗತಿಯನ್ನು ತಪ್ಪದೆ ಹೇಳುತ್ತಿದ್ದ. ತೋಟದ ಮುದಿ ಕಾವಲುಗಾರನೊಬ್ಬ ಜೇನಿನಿಂದ ಹೆಂಡ ಮಾಡುತ್ತಾನಂತೆ. ಕೊಯ್ಲು ಮುಗಿದ ದಿನ ಎಲ್ಲರಿಗೂ ಒಂದೊಂದು ಕರಟ ಕೊಡುತ್ತಾನಂತೆ.

"ಈಚಲ ಹೆಂಡ ಅದರ ಮುಂದೆ ಕಲಗಚ್ಚು ಕಣೇ. ಜೇನೆಂಡ ಕುಡುದ್ರೆ ಬಾಯೊಳಗೆ ಮಳೆ ಬುಟ್ಟು ಬಿಸ್ಲು ಬಂದಂಗಾಯ್ತದೆ."

"ಏನೇನು ಹಾಕ್ತಾರೆ ಅದಕ್ಕೆ?"

"ಏನಿಲ್ಲ. ಜೇನು, ನೀರು. ಆಮೇಲೆ ಸುಮ್ನಿರೋದು."

"ಸುಮ್ನಿದ್ರೆ ಹೆಂಡ ಆಗ್ಬುಡ್ತದಾ?"

"ಸುಮ್ನಿದ್ದು ಸುಮ್ನಿದ್ದೇ ಅಲ್ವಾ ನಾನೂ ಯಜಮಾನ ಆಗಿದ್ದು?"

ಈ ವರ್ಷ ಶಿವರಾತ್ರಿಗೆ ಬಂದವನು ಜೇನುಹೆಂಡದ ಮಾತು ಎತ್ತಲಿಲ್ಲ. ಹಲ್ಲು ಕಟಕಟ ಅನ್ನುವ ಗುಡ್ಡದ ಚಳಿಜ್ವರ ಹೊತ್ತುಕೊಂಡು ಬಂದಿದ್ದ. ಯುಗಾದಿಯ ಬೇವು ಚಿಗುರುವ ಮೊದಲೇ ಹೊರಟುಹೋದ.

ಹೀಗೆ ದುರ್ಗಮ್ಮ, ಒಂದು ತೊಟ್ಟು ಹೆಂಡವನ್ನೂ ನಾಲಿಗೆಗೆ ತಾಗಿಸದಿದ್ದವಳು, ಹೆಂಡ ಮಾಡುವ ಜೇನು ಹುಡುಕಿಕೊಂಡು ಲಿಂಗದಹಳ್ಳಿಗೆ ಹೊರಟಳು.

ಕಡೂರಿನವರೆಗೆ ಸಂತೆಗಾಡಿ. ಅಲ್ಲಿಂದ ರೈಲು. ಬೀರೂರಿನಲ್ಲಿ ಇಳಿದು ಶಿವಮೊಗ್ಗೆಯ ಕಡೆಯ ರೈಲು ಹತ್ತಿ ತರೀಕೆರೆ. ಒಬ್ಬಳೇ ರೈಲು ಹತ್ತಿದ್ದು ಅದೇ ಮೊದಲು. ಕಿಟಕಿಯ ಪಕ್ಕ ಕೂತು ಸೆರಗು ಬಾಯಿಗೆ ಹಿಡಿದು, ಬಯಲು ಹಿಂದಕ್ಕೆ ಓಡುವುದನ್ನು ನೋಡುತ್ತ, ಇದೇ ಮರಗಳನ್ನು ಅವನೂ ನೋಡಿರಬೇಕು ಎಂದುಕೊಂಡಳು. ತರೀಕೆರೆಯಿಂದ ಮತ್ತೆ ಎತ್ತಿನ ಗಾಡಿ. ಗುಡ್ಡದ ನೆತ್ತಿಯ ಮೇಲೆ ಮೋಡ ಕೂತಿತ್ತು; ಮಳೆ ನಿಲ್ಲುವವರೆಗೆ ಕಾಫಿ ತೋಟಕ್ಕೆ ಹತ್ತುವ ದಾರಿಯಿಲ್ಲ ಎಂದ ಗಾಡಿಯವನು.

ಗುಡ್ಡ ಹತ್ತುವ ಮೊದಲು ಬಯಲುಸೀಮೆಯ ಆಳುಗಳು ಒಂದು ರಾತ್ರಿ ತಂಗುತ್ತಿದ್ದುದು ತೀರ್ಥಪ್ಪ ಎನ್ನುವ ವ್ಯಾಪಾರಿಯ ಜಗುಲಿಯಲ್ಲಿ. ಅಡಿಕೆ, ಸೀಗೆಕಾಯಿ, ಗುಡ್ಡದ ಜೇನುತುಪ್ಪ ಮಾರುವವನು. ಮಠಕ್ಕೆ ನಡೆದುಕೊಳ್ಳುವ ಮನೆ. ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ. ದುರ್ಗಮ್ಮ ಬೋಸಿ ಮುಂದಿಟ್ಟು ಅದರ ತುಂಬ ಜೇನು ಕೇಳಿದಳು.

"ಇಷ್ಟೊಂದು ಯಾಕವ್ವಾ? ಮನೇಲಿ ಯಾರಿಗಾದ್ರೂ ಕೆಮ್ಮಾ?"

"ಹೂಂ ಸ್ವಾಮಿ, ಕೆಮ್ಮು."

ಅಳೆಯುವುದು ಮುಗಿಯುವವರೆಗೂ ಸುಮ್ಮನಿದ್ದಳು. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟಳು. "ಸ್ವಾಮಿ, ಈ ಜೇನೆಂಡ ಅಂತಾರಲ್ಲ, ಅದನ್ನ ಹೆಂಗೆ ಮಾಡ್ತಾರೆ?"

"ಶಿವ ಶಿವಾ!" ತೀರ್ಥಪ್ಪ ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡ. ಕೈಗೆ ಅಂಟಿದ್ದ ಜೇನು ಕಿವಿಗೆ ಮೆತ್ತಿತು. "ಇದೇನಾ ನಿನ್ನ ಕೆಮ್ಮು? ಇಂಥಾ ಮಾತು ಈ ಹೊಸಲು ದಾಟಿ ಒಳಗೆ ಬರಬಾರದು!"

ಬಾಗಿಲ ಸಂದಿಯಲ್ಲಿ ನಿಂತಿದ್ದ ಅವನ ಹೆಂಡತಿ ಮಲ್ಲಿಕಾಂಬ, ನಗು ಸೆರಗಿನಲ್ಲಿ ಮುಚ್ಚಿಕೊಂಡು, ದುರ್ಗಮ್ಮನನ್ನು ಹಿತ್ತಿಲಿಗೆ ಕರೆದಳು. ರೊಟ್ಟಿ, ಚಟ್ನಿ ಕೊಟ್ಟು ಎದುರಿಗೆ ಕೂತಳು.

"ಹೆಂಡದ ವಿಷಯ ನಂಗೇನೂ ಗೊತ್ತಿಲ್ಲ ನೋಡು. ಆದ್ರೆ ಜೇನು ಕೆಡದಂಗೆ ಇಡೋದು ಹೆಂಗೆ ಅಂತ ನಮ್ಮತ್ತೆ ಬಡ್ದು ಬಡ್ದು ಹೇಳ್ಕೊಟ್ಟವ್ರೆ. ನೀರು ಮುಟ್ಟಿಸ್ಬಾರ್ದು. ಒದ್ದೆ ಸೌಟು ಹಾಕ್ಬಾರ್ದು. ಬಾಯಿ ತೆರೆದು ಇಡ್ಬಾರ್ದು. ಎಂಜಲು ಪಾತ್ರೆಗೆ ಬಗ್ಗಿಸ್ಬಾರ್ದು. ಒಂದು ಸಲ ನಾನು ನೀರು ಮುಟ್ಟಿಸಿ, ಅದು ಬುರುಬುರು ಉಕ್ಕಿ, ಅತ್ತೆ ತಿಪ್ಪೆಗೆ ಚೆಲ್ಸಿದ್ರು. ಅವತ್ತು ನಮ್ಮ ತಿಪ್ಪೆ ಕೋಳಿ ನಡೆಯೋದು ನೋಡ್ಬೇಕಿತ್ತು!" ಮಲ್ಲಿಕಾಂಬ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಾವು ಕೆಟ್ಟೋಯ್ತು ಅಂತ ಚೆಲ್ತೀವಲ್ಲ, ಅದೇ ಇರ್ಬೇಕು ನಿಂಗೆ ಬೇಕಾಗಿರೋದು. ಅತ್ತೆ ಬ್ಯಾಡ ಅಂದಿದ್ದನ್ನೆಲ್ಲ ಮಾಡ್ಬುಡು."

ದುರ್ಗಮ್ಮನಿಗೂ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. ಆ ಧೈರ್ಯದಲ್ಲಿ ಕೇಳಿದಳು: "ನಮ್ಮೋರು ವರ್ಷಾ ವರ್ಷಾ ನಿಮ್ಮ ಜಗುಲಿ ಮೇಲೇ ಮಲಗ್ತಿದ್ರು. ಬೀರಪ್ಪ ಅಂತ. ಎತ್ತರಕ್ಕಿದ್ರು. ಎಡಗಡೆ ಹುಬ್ಬಿನ ಮೇಲೆ ಗಾಯದ ಕಲೆ."

ಮಲ್ಲಿಕಾಂಬ ಯೋಚಿಸಿದಳು. ನಿಜವಾಗಿಯೇ ಯೋಚಿಸಿದಳು, ಕಣ್ಣು ಮುಚ್ಚಿ. "ಬಯಲುಸೀಮೆಯಿಂದ ಎಷ್ಟು ಜನ ಬತ್ತಾರೆ ತಾಯಿ. ಕೊಯ್ಲು ಕಾಲದಲ್ಲಿ ಜಗುಲಿ ಮೇಲೆ ಕಾಲಿಡಾಕೆ ಜಾಗ ಇರಲ್ಲ. ಹೆಸರು ಯಾರು ಕೇಳ್ತಾರೆ, ಮುಖ ಯಾರು ನೋಡ್ತಾರೆ?"

ಹೊರಡುವಾಗ ದುರ್ಗಮ್ಮ ಜಗುಲಿಯ ಕಂಬ ಮುಟ್ಟಿ ನೋಡಿದಳು. ಆಳುಗಳ ಬೆನ್ನು ಒರಗಿ ಒರಗಿ ಕಂಬ ನುಣುಪಾಗಿತ್ತು. ಅದರಲ್ಲಿ ಅವನ ಬೆನ್ನಿನ ಪಾಲು ಎಷ್ಟೆಂದು ಹೇಳುವವರು ಯಾರೂ ಇರಲಿಲ್ಲ.

ಊರಿಗೆ ಬಂದವಳು ಮಾರನೆಯ ದಿನವೇ ಕೆಲಸಕ್ಕೆ ಕೂತಳು. ಉಪ್ಪಿನಕಾಯಿ ಭರಣಿಯನ್ನು ಅಟ್ಟದಿಂದ ಇಳಿಸಿದಳು. ಬೂದಿ ಹಾಕಿ ತಿಕ್ಕಿದಳು, ಬಿಸಿನೀರಿನಲ್ಲಿ ಜಾಲಿಸಿದಳು, ಬಿಸಿಲಿಗೆ ಒಣಗಿಸಿದಳು. ನೀರು ಕಾಯಿಸಿ, ಜೇನು ಬೆರೆಸಿ, ಪಾಯಸದ ಹಾಗೆ ಒಂದು ಕುದಿ ಕುದಿಸಿ, ನೊರೆ ತೆಗೆದು, ಬಟ್ಟೆಯಲ್ಲಿ ಸೋಸಿ ಭರಣಿಗೆ ತುಂಬಿದಳು. ಬಾಯಿಯ ಅಂಚು ಒರೆಸಿ, ಬಟ್ಟೆ ಕಟ್ಟಿ, ಮೇಲೆ ಜೇಡಿಮಣ್ಣು ಮೆತ್ತಿದಳು. ಆಮೇಲೆ ಬೀರಪ್ಪ ಹೇಳಿದ ಹಾಗೆ ಸುಮ್ಮನಿದ್ದಳು.

ಶ್ರಾವಣ ಕಳೆಯಿತು. ಬಾಯಿ ಬಿಚ್ಚಿ ಬೆರಳದ್ದಿ ಮೂಸಿದರೆ ಅದೇ ಜೇನು, ಅದೇ ನೀರು. ಒಂದು ಚೂರೂ ಹುಳಿಯಿಲ್ಲ. ಎಳೆಮಗುವಿಗೂ ಕುಡಿಸಬಹುದು.

ದುರ್ಗಮ್ಮ ಒಲೆಯ ಮುಂದೆ ಕೂತು ತನ್ನ ಎರಡು ಕೈಗಳನ್ನು ನೋಡಿಕೊಂಡಳು. ಮಲ್ಲಿಕಾಂಬ ಅಷ್ಟು ಬಿಡಿಸಿ ಹೇಳಿದ್ದರೂ ಈ ಕೈಗಳು ಕೇಳಿರಲಿಲ್ಲ. ಹುಟ್ಟಿದಾಗಿನಿಂದ ಅವಕ್ಕೆ ಗೊತ್ತಿದ್ದದ್ದು ಒಂದೇ ಕೆಲಸ: ಕೆಡದಂತೆ ಕಾಯುವುದು. ಹಾಲು ಒಡೆಯದಂತೆ, ಹಿಟ್ಟಿಗೆ ಹುಳ ಬೀಳದಂತೆ, ಕಾಯಿಗೆ ಬೂಷ್ಟು ಹಿಡಿಯದಂತೆ. ತಾಯಿಯಿಂದ ಏಟು ತಿಂದು, ಅತ್ತೆಯಿಂದ ಮೂದಲಿಕೆ ತಿಂದು ಕಲಿತ ಕೈ. ಕೆಡಿಸು ಅಂದರೆ ಅದಕ್ಕೆ ಕೆಡಿಸಲು ಬಾರದು. ಮನೆಯ ಸುತ್ತ ಕಣ್ಣಾಡಿಸಿದಳು. ಚೊಂಬು ಬೆಳಗಿತ್ತು, ತಣಿಗೆ ಬೆಳಗಿತ್ತು, ಮರದ ಸೌಟು ಕೂಡ ತೊಳೆದೂ ತೊಳೆದೂ ಬೆಳ್ಳಗಾಗಿತ್ತು. ತೊಳೆಯದ್ದು ಅಂತ ಈ ಮನೆಯಲ್ಲಿ ಒಂದಾದರೂ ಇದೆಯೇ?

ಹಿತ್ತಿಲ ಬೇಲಿಯ ಕಡೆ ನೋಡಿದಳು. ಗೂಟದ ಮೇಲೆ ಬೋರಲು ಹಾಕಿದ ಒಂದು ಗಡಿಗೆ ಇತ್ತು.

ಬೀರಪ್ಪನ ಹೆಂಡದ ಗಡಿಗೆ. ಅಂಗಡಿಯಿಂದ ಹೆಂಡ ತರುತ್ತಿದ್ದುದು ಅದರಲ್ಲೇ. ಅದರ ಬಾಯಿ ತೆಗೆಯುವುದು ತನ್ನದೇ ಹಕ್ಕು ಎನ್ನುವಂತೆ ಹೆಂಡತಿಯ ಕೈಗೆ ಎಂದೂ ಕೊಟ್ಟವನಲ್ಲ. ಅವನು ಸತ್ತ ಮೇಲೆ ತಮ್ಮಯ್ಯನ ಹೆಂಡತಿ ಅಂಬಮ್ಮ, "ಒಡ್ದಾಕಕ್ಕ ಅದನ್ನ," ಎಂದಿದ್ದಳು. ಒಡೆಯಲು ಕೈ ಬರಲಿಲ್ಲ, ತೊಳೆಯಲೂ ಕೈ ಬರಲಿಲ್ಲ. ಅವನು ಕೊನೆಯ ಸಲ ಕುಡಿದು ಇಟ್ಟಂತೆಯೇ ಬೇಲಿಗೆ ಬೋರಲು ಹಾಕಿಬಿಟ್ಟಿದ್ದಳು. ಮಳೆ ಮೇಲಿಂದ ಮೇಲೆ ಬಿದ್ದು ಜಾರಿಹೋಗಿತ್ತು. ಒಳಗೆ ತಳದಲ್ಲಿ, ಒಣಗಿದ ಹೆಂಡದ ಬೆಳ್ಳನೆಯ ಮಡ್ಡಿ ಇನ್ನೂ ಅಂಟಿಕೊಂಡಿತ್ತು.

ಅವನ ಎಂಜಲು. ದುರ್ಗಮ್ಮ ಭರಣಿಯಲ್ಲಿದ್ದದ್ದನ್ನು ಅದಕ್ಕೆ ಬಗ್ಗಿಸಿದಳು. ಈ ಸಲ ಮಣ್ಣು ಮೆತ್ತಲಿಲ್ಲ. ಬರೀ ತೆಳ್ಳನೆಯ ಬಟ್ಟೆ ಮುಚ್ಚಿ ಒಳಕೋಣೆಯ ಮೂಲೆಯಲ್ಲಿಟ್ಟಳು.

ಕೆಲವು ದಿನಗಳಾದ ಮೇಲೆ ಒಂದು ಸಂಜೆ ದೀಪ ಹಚ್ಚುತ್ತಿದ್ದಾಗ ಹಿಂದಿನಿಂದ ಯಾರೋ ತುಟಿ ಬಿಚ್ಚಿದಂತೆ ಸಪ್ಪಳವಾಯಿತು. ತಿರುಗಿ ನೋಡಿದಳು. ಯಾರೂ ಇಲ್ಲ. ಮತ್ತೆ ಅದೇ ಸಪ್ಪಳ. ಬಗ್ಗಿ ಗಡಿಗೆಗೆ ಕಿವಿ ಇಟ್ಟಳು. ಒಳಗೆ ಗುಳುಗುಳು, ಗುಳುಗುಳು. ಬಟ್ಟೆ ಮೆಲ್ಲಗೆ ಉಬ್ಬಿ, ಮೆಲ್ಲಗೆ ಇಳಿಯಿತು.

ಯುಗಾದಿಯಿಂದ ಈಚೆಗೆ ಆ ಮನೆಯಲ್ಲಿ ಅವಳಲ್ಲದೆ ಇನ್ನೊಂದು ಉಸಿರು ಆಡಿದ್ದು ಅದೇ ಮೊದಲು.

ಅಂದಿನಿಂದ ಅವಳಿಗೆ ಅದರೊಡನೆ ಮಾತು ಶುರುವಾಯಿತು. "ಏನು, ಇವತ್ತು ಜೋರಾಗಿದೀಯ?" ಅನ್ನುವಳು. ಸಾರಿಗೆ ಉಪ್ಪು ಹೆಚ್ಚಾದರೆ ಅದಕ್ಕೆ ಹೇಳುವಳು. ಒಂದು ಬೆಳಿಗ್ಗೆ ಇರುವೆ ಬರುತ್ತದೆಂದು ಬಾಯಿಗೆ ಕರಟ ಒತ್ತಿ ಮುಚ್ಚಿ ತೋಟಕ್ಕೆ ಹೋದಳು. ಹಿಂದಿರುಗಿ ಹೊಸಲು ದಾಟುತ್ತಿದ್ದಂತೆ ಕರಟ ಢಬ್ಬೆಂದು ಹಾರಿ ಗೋಡೆಗೆ ಬಡಿಯಿತು. ಎದೆ ಹಿಡಿದುಕೊಂಡಳು. ಆಮೇಲೆ, "ಬಾಯಿ ಮುಚ್ಚಿದ್ರೆ ಸಿಟ್ಟಾ ನಿಂಗೆ? ನಿನ್ನ ಯಜಮಾನಂಗೂ ಹಂಗೇ," ಎಂದು ಬೈದು, ಮತ್ತೆ ಬರೀ ಬಟ್ಟೆ ಹೊದಿಸಿದಳು.

ವಾಸನೆಗೆ ಬಾಗಿಲು ಹಾಕಲಾಗುವುದಿಲ್ಲ. ಹಬ್ಬಕ್ಕೆ ಮುಂಚೆ ಒಂದು ದಿನ ಅಂಬಮ್ಮ ಒನಕೆ ಕೇಳುವ ನೆಪದಲ್ಲಿ ಬಂದು ಮೂಗರಳಿಸಿದಳು.

"ಏನಕ್ಕಾ, ಮನೆ ಹೆಂಡದಂಗಡಿ ಆಗೈತಲ್ಲ? ಕಡೂರಿಂದ ಅಬಕಾರಿಯೋರು ಬಂದ್ರೆ ನಿನ್ನ ಕೈಗೆ ಬೇಡಿ, ನಮ್ಮ ಮನೆತನದ ಮಾನಕ್ಕೆ ಬೂದಿ."

"ಬೂದಿ ಬರ್ಲಿ ಬುಡೇ. ಪಾತ್ರೆ ಬೆಳಗಾಕೆ ಆಯ್ತದೆ."

ಅಂಬಮ್ಮ ಇನ್ನೇನೋ ಅನ್ನಲು ಬಾಯಿ ತೆರೆದವಳು ಮತ್ತೊಮ್ಮೆ ಗಾಳಿ ಎಳೆದುಕೊಂಡು, ಸ್ವರ ಇಳಿಸಿ, "ಭಾವ ಒಳಗೆ ಬಂದ್ರೆ ಹಿಂಗೇ ಬತ್ತಿತ್ತು ವಾಸ್ನೆ," ಎಂದಳು. ಒನಕೆ ಕೇಳುವುದನ್ನು ಮರೆತು ಹೊರಟುಹೋದಳು.

ಅಮಾವಾಸ್ಯೆ ಬಂತು. ದುರ್ಗಮ್ಮ ಒಳಕೋಣೆ ಸಾರಿಸಿ, ಎಲೆ ಹಾಸಿ, ಮುದ್ದೆ, ಹುರುಳಿಕಾಳಿನ ಸಾರು, ಕಡುಬು ಬಡಿಸಿದಳು. ಅವನ ಕಂಬಳಿ ಮಡಿಸಿಟ್ಟಳು, ಬೀಡಿಯ ಕಟ್ಟು ಇಟ್ಟಳು. ಎಲೆಯ ತುದಿಗೆ ಗಡಿಗೆ. ಹಬ್ಬದ ದಿನ ಬೀದಿಯಲ್ಲಿ ಜನ ಓಡಾಡುತ್ತಾರೆ, ವಾಸನೆ ಯಾರ ಮೂಗಿಗೂ ಬೀಳದಿರಲಿ ಎಂದು ಬೆಳಿಗ್ಗೆಯೇ ಅದರ ಬಾಯಿಗೆ ಕರಟ ಒತ್ತಿ, ಸುತ್ತ ಜೇಡಿಮಣ್ಣು ಮೆತ್ತಿದ್ದಳು. ಎಡೆ ಇಡುವಾಗ ತೆಗೆದರಾಯಿತು ಅಂತ. ಈಗ ತೆಗೆಯಲು ಬಗ್ಗಿದವಳು ಕೈ ಹಿಂದಕ್ಕೆಳೆದುಕೊಂಡಳು. ಈ ಗಡಿಗೆಯ ಬಾಯಿ ತೆಗೆಯುವವನು ಅವನು. ಅವನೇ ತೆಗೆಯಲಿ.

ದೀಪ ಹಚ್ಚಿ, ಬಾಗಿಲೆಳೆದುಕೊಂಡು ಬಂದು ಜಗುಲಿಯ ಮೇಲೆ ಕೂತಳು. ಎಲ್ಲರ ಮನೆಯ ಮುಂದೆಯೂ ಮನೆ ತುಂಬ ಜನ ಕೂರುವ ಹೊತ್ತು. ಅವಳ ಜಗುಲಿಯಲ್ಲಿ ಅವಳು ಒಬ್ಬಳೇ. ದೊಡ್ಡಮನೆಯ ಕಡೆಯಿಂದ ಬಾಡಿನ ಸಾರಿನ ವಾಸನೆ ಗಾಳಿಯಲ್ಲಿ ಬರುತ್ತಿತ್ತು. ಬೀದಿ ಬರಿದಾಗಿತ್ತು. 'ಬಾ,' ಎಂದಳು ಮನಸ್ಸಿನಲ್ಲೇ. 'ಅಲ್ಲಿ ನಿಂತ್ಕೋಬ್ಯಾಡ. ಬಾ.'

ಬಂದದ್ದು ತಮ್ಮಯ್ಯ. ಕೈಯಲ್ಲಿ ಎಲೆ ಮುಚ್ಚಿದ ಬೋಸಿ. ಅಂಗಳದಲ್ಲೇ ನಿಂತ.

"ಅಂಬು ಕಳಿಸಿದ್ಲು. ಬಾಡು. ನಿಂಗೇ ಅಂತ."

"ನಿಮ್ದು ಆಯ್ತಾ?"

"ಆಯ್ತು." ಬೋಸಿಯನ್ನು ಜಗುಲಿಯ ಮೇಲಿಟ್ಟ. ಹೊರಡಲಿಲ್ಲ. "ಕೆಮ್ಮಿ ಬಾಗ್ಲು ತೆಗ್ದೆ. ಅಪ್ಪಂದು, ಅವ್ವಂದು ಎಲೆ ನೋಡಿದ್ರೆ ಏನೋ ಸಮಾಧಾನ ಆಯ್ತು. ಅಣ್ಣನ ಎಲೆ ನೋಡಿದ್ರೆ ಯಾಕೋ... ಇಕ್ಕಿದ್ದು ಇಕ್ಕಿದಂಗೇ ಐತೆ ಅನ್ನಿಸ್ತು ಅತ್ತಿಗೆ. ಎಲ್ರೂ ಉಣ್ಣಾಕೆ ಕುಂತ್ರು. ನಂಗೆ ತುತ್ತು ಇಳೀಲಿಲ್ಲ."

ದುರ್ಗಮ್ಮ ಏನೋ ಹೇಳಬೇಕೆನ್ನುವಷ್ಟರಲ್ಲಿ ಒಳಗೆ ಢಬ್ಬೆಂದಿತು. ಏನೋ ಗೋಡೆಗೆ ಬಡಿದು, ನೆಲಕ್ಕೆ ಬಿದ್ದು, ಗಿರಗಿರ ಉರುಳಿ ನಿಂತಿತು.

ತಮ್ಮಯ್ಯ ಜಗುಲಿಯ ಕಂಬ ಹಿಡಿದುಕೊಂಡ. "ಅಣ್ಣಾ!" ಎಂದ. ಧ್ವನಿ ಸಣ್ಣ ಹುಡುಗನದಾಗಿತ್ತು. "ಬಂದವ್ನೆ. ಇಲ್ಲಿಗೆ ಬಂದವ್ನೆ. ನನ್ನ ಬುಟ್ಟು ಇಲ್ಲಿಗೇ ಬಂದ್ಬುಟ್ಟ."

ಅವನ ಕಣ್ಣಲ್ಲಿ ಹೆದರಿಕೆ ಇರಲಿಲ್ಲ. ಅಣ್ಣ ಜಾತ್ರೆಗೆ ಹೋಗುವಾಗ ತನ್ನನ್ನು ಬಿಟ್ಟು ಹೋದರೆ ತಮ್ಮನಿಗೆ ಎಂಥ ಮುಖವಾಗುತ್ತದೆಯೋ ಅಂಥ ಮುಖ. ಮೀಸೆ ನಡುಗುತ್ತಿತ್ತು.

ದುರ್ಗಮ್ಮನಿಗೆ ಗೊತ್ತಿತ್ತು. ಕರಟ ಹಾರುವ ಸದ್ದು ಅವಳು ಮೊದಲೇ ಕೇಳಿದ್ದಳು. ಸುಮ್ಮನಿದ್ದರೆ ಸಾಕಿತ್ತು. ನಾಳೆ ಬೆಳಗಾದರೆ ಊರಿಗೆಲ್ಲ ಸುದ್ದಿ: ಬೀರಪ್ಪ ದೊಡ್ಡಮನೆಯ ಕುರಿ ಬಿಟ್ಟು ಹೆಂಡತಿಯ ಬಾಗಿಲಿಗೆ ಬಂದ. ಇನ್ನು ಯಾರೂ ಎಡೆಯ ಮಾತೆತ್ತುವುದಿಲ್ಲ. ಇಷ್ಟು ದಿನ ಅವಳು ಬೇಡಿಕೊಂಡದ್ದೇ ಅದು. ಆದರೆ ಸುಮ್ಮನಿರಲು ಆಗಲಿಲ್ಲ. ಕರಟವನ್ನೇ ಗಂಡನೆಂದು ಒಪ್ಪಿಕೊಂಡುಬಿಟ್ಟರೆ, ಅವನು ನಿಜವಾಗಿ ಬಂದ ದಿನ ಅವನನ್ನು ಏನೆಂದು ಕರೆಯುವುದು?

ಎದ್ದಳು. ಬಾಗಿಲ ಹತ್ತಿರ ಹೋಗಿ ಕೆಮ್ಮಿದಳು. ಇಡೀ ಮನೆಗೆ ಅದೊಂದೇ ಸದ್ದು. ಬಾಗಿಲು ತಳ್ಳಿದಳು.

ಗಡಿಗೆಯ ಬಾಯಿಂದ ನೊರೆ ಉಕ್ಕಿ ಎಲೆಯ ಮೇಲೆಲ್ಲ ಹರಿದಿತ್ತು. ಮುದ್ದೆ ತೊಯ್ದಿತ್ತು, ಕಂಬಳಿಯ ಅಂಚು ತೊಯ್ದಿತ್ತು. ಜೇಡಿಮಣ್ಣಿನ ಹೆಂಟೆ ಅಲ್ಲಲ್ಲಿ. ಕರಟ ಮೂಲೆಯಲ್ಲಿ ಬಿದ್ದಿತ್ತು. ಅದನ್ನೆತ್ತಿ ತಮ್ಮಯ್ಯನ ಕೈಗಿಟ್ಟಳು.

"ಇದು ಕಣಪ್ಪ ಸದ್ದು ಮಾಡಿದ್ದು. ಜೇನೆಂಡ ಮಾಡಿದ್ದೆ. ಬಾಯಿ ಬಿಗಿಯಾಗಿತ್ತು, ಹಾರ್ತು. ನಿಮ್ಮಣ್ಣ ಅಲ್ಲ."

ತಮ್ಮಯ್ಯ ಕರಟವನ್ನು ತಿರುವಿ ತಿರುವಿ ನೋಡಿದ. "ನಮ್ಮನೇಲಿ ಅದೂ ಆಗ್ಲಿಲ್ವಲ್ಲ ಅತ್ತಿಗೆ," ಎಂದ.

ಇಬ್ಬರೂ ಅಲ್ಲೇ ಹೊಸಲಿನ ಹತ್ತಿರ ಕೂತರು. ಗಡಿಗೆಯಲ್ಲಿ ಅರ್ಧದಷ್ಟು ಉಳಿದಿತ್ತು. ದುರ್ಗಮ್ಮ ಅದೇ ಕರಟ ತೊಳೆದು, ಬಗ್ಗಿಸಿ ಕೊಟ್ಟಳು.

"ಜೇನಲ್ಲೂ ಹೆಂಡ ಮಾಡ್ತಾರಾ? ಅಣ್ಣ ನಂಗೆ ಹೇಳೇ ಇಲ್ಲ. ಏನಂತಿದ್ದ ಇದಕ್ಕೆ?"

ಅವಳು ತಡವರಿಸಿದಳು. ಅವಳೊಬ್ಬಳ ಹತ್ತಿರವೇ ಇದ್ದ ಮಾತು ಅದು. ಹೇಳಿದರೆ ಇಬ್ಬರದಾಗುತ್ತದೆ. ಕೊನೆಗೆ ಹೇಳಿದಳು. "ಬಾಯೊಳಗೆ ಮಳೆ ಬುಟ್ಟು ಬಿಸ್ಲು ಬಂದಂಗೆ, ಅಂತಿದ್ರು."

ತಮ್ಮಯ್ಯ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ ಕಾದ. "ನಂಗೆ ಇನ್ನೂ ಮಳೇನೇ ಐತೆ. ಹುಳಿ ಹುಳಿ." ಇಬ್ಬರಿಗೂ ನಗು ಬಂತು, ಅಳುವೂ ಬಂತು. ಕರಟ ಖಾಲಿ ಮಾಡಿ ಎದ್ದ. "ಬರೋ ವರ್ಷ ಅವನ ಎಡೆ ಇಲ್ಲೊಂದೇ ಕಡೆ ಇಕ್ಕಾನ. ನಾನೇ ಬಂದು ಇಕ್ತೀನಿ. ಕುರಿ ಬಾಡು ನಾನೇ ತತ್ತೀನಿ. ಪಾಪ, ಎರಡು ಕಡೆ ಕರ್ದು ಅವನ್ನ..." ಮಾತು ಮುಗಿಸದೆ ಬೀದಿಯ ಕಡೆ ನೋಡಿ, ಹೊರಟುಹೋದ.

ಅವನು ಮುಗಿಸದ ಮಾತು ದುರ್ಗಮ್ಮನ ಎದೆಯಲ್ಲಿ ಮುಗಿಯಿತು. ಬರುವ ವರ್ಷದ ಮಾತು ಬರುವ ವರ್ಷಕ್ಕೆ. ಇವತ್ತು ಅವನೆಲ್ಲಿ? ದೊಡ್ಡಮನೆಗೆ ಬರಲಿಲ್ಲ, ಇಲ್ಲಿಗೂ ಬರಲಿಲ್ಲ. ಎರಡು ಕಡೆ ಕರೆದರೆ ಅವನು ಎಲ್ಲಿರುತ್ತಾನೆ ಎನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಎಲೆಯನ್ನು ತೊಯ್ದ ಮುದ್ದೆಯ ಸಮೇತ ಮೊರದಲ್ಲಿಟ್ಟುಕೊಂಡಳು. ತಮ್ಮಯ್ಯ ತಂದ ಬಾಡನ್ನೂ ಅದರ ಮೇಲೆ ಬಡಿಸಿದಳು. ಬೀಡಿಯ ಕಟ್ಟನ್ನೂ ಕರಟವನ್ನೂ ಪಕ್ಕದಲ್ಲಿಟ್ಟಳು. ಗಡಿಗೆಯನ್ನು ಕಂಕುಳಿಗೆ ಒತ್ತಿ ಹಿಡಿದು, ಕತ್ತಲಿಳಿಯುತ್ತಿದ್ದ ಬೀದಿಯಲ್ಲಿ ನಡೆದು ಹೊಂಗೆಮರದ ಬುಡದಲ್ಲಿ ಎಲ್ಲವನ್ನೂ ಇಟ್ಟಳು. ಮರಕ್ಕೆ ಬಾಗಿಲಿರಲಿಲ್ಲ. ಅವನು ಉಣ್ಣುವುದನ್ನು ನೋಡಕೂಡದಲ್ಲ. ದುರ್ಗಮ್ಮ ಬೆನ್ನು ತಿರುಗಿಸಿ ಕೂತಳು.

ಎರಡು ಮನೆಯ ದೀಪಗಳು ಎರಡು ಕಡೆ ಕಾಣುತ್ತಿದ್ದವು. ಹೊಂಗೆಯ ಎಲೆ ಅಲುಗಿತು. ಗಡಿಗೆ ಒಂದೆರಡು ಸಲ ಗುಳುಕ್ಕೆಂದು ಸುಮ್ಮನಾಯಿತು. ಸಾಕಷ್ಟು ಹೊತ್ತು ಬಿಟ್ಟು, ಕೆಮ್ಮಿ ತಿರುಗಿದಳು. ಇಟ್ಟದ್ದು ಇಟ್ಟಂತೆಯೇ ಇತ್ತು. ಉಂಡನೋ ಇಲ್ಲವೋ, ಅದನ್ನು ತಿಳಿಯುವ ದಾರಿ ಯಾರಿಗೂ ಇಲ್ಲ. ಆದರೆ ಕರೆದ ಜಾಗ ಸರಿ ಇತ್ತು.

ಕರಟಕ್ಕೆ ಬಗ್ಗಿಸಿ ತಾನೂ ಒಂದು ಗುಟುಕು ಕುಡಿದಳು, ಜನ್ಮದಲ್ಲಿ ಮೊದಲ ಸಲ. ಮೊದಲು ಹುಳಿ, ಆಮೇಲೆ ಗಂಟಲಲ್ಲಿ ಸಣ್ಣ ಉರಿ, ಎಲ್ಲ ಇಳಿದ ಮೇಲೆ ನಾಲಿಗೆಯ ತುದಿಯಲ್ಲಿ ಏನೋ ಒಂದು. ಬಿಸಿಲೋ? ಗುಡ್ಡದ ಮುದುಕ ಮಾಡುತ್ತಿದ್ದದ್ದು ಹೀಗೆಯೇ ಇರುತ್ತಿತ್ತೋ, ಬೇರೆಯೋ? 'ಸರಿಯಾಗೈತೆ ಕಣೇ' ಅಥವಾ 'ಇದೂ ಒಂದು ಹೆಂಡಾನಾ' ಎಂದು ಹೇಳಬೇಕಾಗಿದ್ದವನು ಒಬ್ಬನೇ. ಇನ್ನೊಂದು ಗುಟುಕು ಕುಡಿದು, ಇನ್ನೂ ಸ್ವಲ್ಪ ಹೊತ್ತು ಕಾದಳು.

ಮನೆಗೆ ಬಂದು ಹಿತ್ತಿಲಲ್ಲಿ ಕೂತು ಗಡಿಗೆಯಲ್ಲಿ ಉಳಿದದ್ದನ್ನು ಭರಣಿಗೆ ಬಸಿದಳು. ಕೈ ತಾನಾಗಿಯೇ ಬೂದಿಯ ಕಡೆ, ತೆಂಗಿನ ನಾರಿನ ಕಡೆ ಹೋಯಿತು. ಅಲ್ಲೇ ತಡೆದಳು. ತಳದ ಮಡ್ಡಿ ಹಾಗೆಯೇ ಇರಲಿ ಎಂದು ಗಡಿಗೆಯನ್ನು ಬೋರಲಾಗಿ ಬೇಲಿಯ ಗೂಟಕ್ಕೆ ಹಾಕಿ, ಒಳಗೆ ಬಂದು, ಬಾಗಿಲೆಳೆದುಕೊಂಡಳು. ಅಗುಳಿ ಹಾಕಲಿಲ್ಲ.